ಮೊಟ್ಟೆಯವನೂ ಅವನ ಅಂಚೆಯಣ್ಣನೂ

ಕಾಜಾ ಅಜ್ಜಿ ಮೊಟ್ಟೆಯವನನ್ನು ಮೊದಲು ಕಂಡ ದಿನ ಅವನು ಅವಳಿಗೆ ಮೊಟ್ಟೆ ಮಾರಲು ಒಪ್ಪಲಿಲ್ಲ. ರಟ್ಟಿನ ಡಬ್ಬಿಯೊಳಗೆ ಬಲ್ಬು ಉರಿಯುತ್ತಿತ್ತು, ಡಬ್ಬಿಗೊಂದು ತೂತಿತ್ತು. ಆ ತೂತಿಗೆ ಮೊಟ್ಟೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ಕಿವಿಯ ಹತ್ತಿರ ತಂದು ಮೆಲ್ಲಗೆ ಅಲುಗಿಸಿದ, ತಿರುಗಿ ಟ್ರೇಯಲ್ಲಿಟ್ಟ.

"ಬೇಡ ಅಜ್ಜಿ. ನಾಳೆ ಬನ್ನಿ."

"ಕೆಟ್ಟಿದೆಯೇನಪ್ಪಾ?"

"ಕೆಟ್ಟಿಲ್ಲ. ತಾಜಾ ಅನ್ನೋಕೆ ಬಾಯಿ ಬರ್ತಿಲ್ಲ, ಅಷ್ಟೇ."

ಅಜ್ಜಿ ಗಂಡ ತೀರಿಕೊಂಡ ಮೇಲೆ ಅದೇ ಕಟ್ಟಡದ ಮಹಡಿಯ ಟೈಲರ್ ಅಂಗಡಿಗೆ ಅಂಗಿಗಳ ಕಾಜಾ ಹೊಲಿದುಕೊಟ್ಟು ಬದುಕುತ್ತಿದ್ದವಳು. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ಒಂದು ಎಳೆ ಆಚೀಚೆಯಾದರೂ ಬಿಚ್ಚಿ ಮತ್ತೆ ಹೊಲಿಯುವವಳು. ಬರಿಗೈಯಲ್ಲಿ ಕಳಿಸಿದ ಅಂಗಡಿಯವನು ಅವಳಿಗೆ ಬಹಳ ಹಿಡಿಸಿದ. ಅಂದಿನಿಂದ ಅವಳಿಗೆ ಬೇರೆ ಅಂಗಡಿ ಎಂಬುದಿಲ್ಲ.

ಮೊಟ್ಟೆಯವನು ಹುಟ್ಟಿ ಬೆಳೆದದ್ದು ಆ ಅಂಗಡಿಯಲ್ಲೇ. ಕೂಸಾಗಿದ್ದಾಗ ಟ್ರೇಗಳ ನಡುವೆ ಮಲಗಿಸಿದ್ದರಂತೆ, ಗಿರಾಕಿಯೊಬ್ಬ ಅವನ ಬೋಳುತಲೆಯನ್ನೂ ಬೆರಳಲ್ಲಿ ತಟ್ಟಿ ನೋಡಿದ್ದನಂತೆ. ಅಪ್ಪ ಅವನಿಗೆ ಕೊಟ್ಟುಹೋದದ್ದು ಆ ಬಲ್ಬಿನ ಡಬ್ಬಿ ಮತ್ತು ತಾಜಾ ಅಲ್ಲದ್ದನ್ನು ತಾಜಾ ಎನ್ನಬಾರದೆಂಬ ಹಟ. ಕುಡಿತವಿಲ್ಲ, ಇಸ್ಪೀಟಿಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು. ಅಂಗಡಿಯ ಹಿಂದಿನ ಕೋಣೆಯಲ್ಲಿ ಟೀವಿ ಇತ್ತು, ಟೀವಿಯಲ್ಲಿ ಅಂಚೆಯಣ್ಣ ಎಂಬ ವಿಡಿಯೋ ಗೇಮ್ ಇತ್ತು.

ಹೆಗಲಿಗೆ ಚೀಲ ಹಾಕಿದ ಗುಂಡಗಿನ ಅಂಚೆಯವನೊಬ್ಬ ಹಲಗೆಯಿಂದ ಹಲಗೆಗೆ, ಮೋಡದಿಂದ ಮೋಡಕ್ಕೆ ಜಿಗಿದು, ಅಡ್ಡ ಬಂದ ಮುಳ್ಳುಹಂದಿಗಳ ತಲೆ ತುಳಿದು, ರಾಜಕುಮಾರಿಗೆ ಪಾರ್ಸೆಲ್ ಮುಟ್ಟಿಸಬೇಕು. ಮುಟ್ಟಿಸಿದರೆ ಆಟ ಮುಗಿಯಿತು. ಒಂದೆರಡು ವರ್ಷದಲ್ಲಿ ಹೊಸ ಭಾಗ ಬರುತ್ತದೆ, ಪಾರ್ಸೆಲ್ ಮತ್ತೆ ಅವನ ಚೀಲದಲ್ಲೇ ಇರುತ್ತದೆ. ಒಮ್ಮೆ ಹಿಮ, ಒಮ್ಮೆ ಸಮುದ್ರ, ಒಮ್ಮೆ ಚಂದ್ರಲೋಕ. ಮೀಸೆ ಚಿಗುರುವ ಮೊದಲೇ ಹಿಡಿದದ್ದನ್ನು ಮೀಸೆ ನರೆತರೂ ಮೊಟ್ಟೆಯವನು ಬಿಟ್ಟಿರಲಿಲ್ಲ. ಒಂದು ಭಾಗವನ್ನೂ ತಪ್ಪಿಸಿರಲಿಲ್ಲ.

ಅತ್ತ ಅವನ ಹೆಂಡತಿಗೆ ಮಲಗಲು ಜಾಗವಿರಲಿಲ್ಲ. ಮಾಲು ಹೆಚ್ಚಿದಂತೆ ಟ್ರೇಗಳು ಮಲಗುವ ಕೋಣೆಗೆ ಬಂದು, ಮಂಚದ ಮೂರು ಕಡೆಯೂ ಸೂರಿನ ತನಕ ನಿಂತಿದ್ದವು. ಒಮ್ಮೆ ಅವಳು ಸೀನಿದ್ದಕ್ಕೆ ಒಂದು ಸಾಲು ಉರುಳಿ, ಹಾಸಿಗೆಯೆಲ್ಲ ಹಳದಿಯಾಯಿತು. ಅಂದು ಅಜ್ಜಿ ಅಂಗಡಿಗೆ ಹೋದಾಗ ಗಂಡ ಹೆಂಡತಿ ಇಬ್ಬರೂ ಕಟ್ಟೆಯ ಹಿಂದೆ ಮುಖ ಊದಿಸಿಕೊಂಡು ನಿಂತಿದ್ದರು.

"ನೋಡಿ ಅಜ್ಜಿ, ಮಗ್ಗುಲು ಬದಲಾಯಿಸೋಕೂ ಹೆದರಿಕೆ ನನಗೆ. ಅಲ್ಲಿ ಆ ಅಂಚೆಯವನಿಗೆ ಒಂದು ಕೋಣೆ! ಇಷ್ಟು ವರ್ಷದಿಂದ ಒಂದೇ ಪಾರ್ಸೆಲ್ ಹೊತ್ಕೊಂಡು ತಿರುಗ್ತಿದ್ದಾನೆ. ಅವನನ್ನ ಇನ್ನೂ ಯಾರು ಕೆಲಸದಲ್ಲಿ ಇಟ್ಕೊಂಡಿದ್ದಾರೋ! ಆ ಆಟ ಹಳಸಿ ನಾರ್ತಿದೆ."

"ಹಳಸಿಲ್ಲ ಕಣೇ. ಹೊಸ ಭಾಗ ತಾಜಾ ಇದೆ."

"ಬಲ್ಬಿಗೆ ಹಿಡಿದು ನೋಡಿದ್ರಾ?"

"ನೋಡ್ದೆ." ಅವನು ತಲೆ ತಗ್ಗಿಸಿದ. ಆಟದ ಡಿಸ್ಕನ್ನು ಬಲ್ಬಿಗೆ ಹಿಡಿದಿದ್ದ, ಕಿವಿಯ ಹತ್ತಿರ ಅಲುಗಿಸಿಯೂ ನೋಡಿದ್ದ. "ಏನೂ ಗೊತ್ತಾಗಲಿಲ್ಲ."

ಹೀಗೆ ಒಪ್ಪಂದವಾಯಿತು. ಆಟ ಇನ್ನೂ ತಾಜಾ ಇದ್ದರೆ ಕೋಣೆ ಅವನದು, ಹಳಸಿದ್ದರೆ ಟ್ರೇಗಳದು. ಹೇಳುವವರು ಯಾರು? ಅವನಿಗೆ ಅದರ ಮೇಲೆ ಮೋಹ, ಅವಳಿಗೆ ಸಿಟ್ಟು. ಇಬ್ಬರೂ ಒಟ್ಟಿಗೆ ಅಜ್ಜಿಯ ಕಡೆ ತಿರುಗಿದರು.

"ನನಗೆ ಓದೋಕೇ ಸರಿಯಾಗಿ ಬರಲ್ವಲ್ಲಪ್ಪಾ!"

"ಆ ಅಂಚೆಯವನಿಗೂ ಬರಲ್ಲ ಬಿಡಿ ಅಜ್ಜಿ," ಎಂದಳು ಹೆಂಡತಿ. "ಬಂದಿದ್ರೆ ವಿಳಾಸ ಯಾವತ್ತೋ ಸಿಕ್ಕಿರೋದು."

ಮರುದಿನದಿಂದ ಅಂಗಡಿ ಮುಚ್ಚುವ ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಆ ಕೋಣೆಯಲ್ಲಿ ಕೂತಳು. ಮೊದಲ ಭಾಗದಿಂದ ಶುರುಮಾಡಿ ಸಾಲಾಗಿ ಎಲ್ಲವನ್ನೂ ನೋಡುತ್ತೇನೆಂದಳು. ಒಳಗೆ ಬೇರೆ ಯಾರೂ ಇರುವಂತಿರಲಿಲ್ಲ. ಮುಖ ನೋಡಿ ಮನಸ್ಸು ವಾಲಬಾರದೆಂದು ಮೊಟ್ಟೆಯವನೇ ಮಾಡಿದ ಕಟ್ಟಳೆ ಅದು. ಡಿಸ್ಕ್ ಹಾಕಿ, ಆಟ ಆಡಿಸುವ ಗುಂಡಿಗಳ ಪೆಟ್ಟಿಗೆಯನ್ನು ಅವಳ ಮಡಿಲಲ್ಲಿಟ್ಟು, ಹೊರಗೆ ಹೋಗಿ ಬಾಗಿಲೆಳೆದುಕೊಂಡ. ಅವಳು ಅದನ್ನು ಎತ್ತಿಕೊಂಡದ್ದು ತಲೆಕೆಳಗಾಗಿ. ಹೇಳುವವರು ಇರಲಿಲ್ಲ.

ಗುಂಡಿ ಒತ್ತಿದಳು. ಅಂಚೆಯಣ್ಣ ಎಡಕ್ಕೆ ನಡೆದು ಗೋಡೆಗೆ ಢೀ ಕೊಟ್ಟ. ಮತ್ತೆ ಒತ್ತಿದಳು. ಮತ್ತೆ ಢೀ. ಸರಿ, ಇದೇ ಆಟವಿರಬೇಕು ಎಂದುಕೊಂಡಳು. ಬೇಸರವಾಗಲಿಲ್ಲ. ಒಂದೇ ಕಡೆ ಚುಚ್ಚುತ್ತಾ ಕೂರುವುದು ಅವಳಿಗೆ ಹೊಸದಲ್ಲ. ದಿನಕ್ಕೊಂದು ಭಾಗದಂತೆ, ದಿನಕ್ಕೊಂದು ಗೋಡೆಯನ್ನು ಕಣ್ಣು ಕೀಲಿಸಿ ನೋಡಿದಳು.

ಹೊಸ ಭಾಗದ ದಿನವೂ ಅವನು ಢೀ ಕೊಡುತ್ತಲೇ ಇದ್ದ. ಬಹಳ ಹೊತ್ತಾದ ಮೇಲೆ ಅಜ್ಜಿಗೆ ಕರುಳು ಚುರಕ್ಕೆಂದಿತು. "ಸಾಕು ಬಿಡಪ್ಪಾ, ಸ್ವಲ್ಪ ಸುಧಾರಿಸ್ಕೋ," ಎಂದು ಕೈ ಬಿಟ್ಟಳು. ಅಂಚೆಯಣ್ಣ ನಿಂತ. ಮೆಲ್ಲಗೆ ತಿರುಗಿದ. ಚೀಲ ಇಳಿಸಿ, ಟೊಪ್ಪಿ ತೆಗೆದು, ನೇರವಾಗಿ ಅವಳನ್ನೇ ನೋಡಿದ. ಅವಳೂ ನೋಡಿದಳು. ಸಂಜೆಗೆ ಅಂಗಡಿ ತೆರೆಯುವ ತನಕ ಇಬ್ಬರೂ ಹಾಗೇ ಇದ್ದರು.

ತೀರ್ಪಿನ ದಿನ ಮೊಟ್ಟೆಯವನು ಬೆವರಿದ್ದ. ಹೆಂಡತಿ ಆಗಲೇ ಟ್ರೇ ಕಟ್ಟುವ ಹಗ್ಗ ಹಿಡಿದು ನಿಂತಿದ್ದಳು.

"ಮೊದಲನೇದು ಕೆಂಪು ಇಟ್ಟಿಗೆ ಗೋಡೆ," ಎಂದು ಅಜ್ಜಿ ಶುರುಮಾಡಿದಳು. "ಗಟ್ಟಿ ಕೆಲಸ. ಎರಡನೇದರಲ್ಲಿ ಢೀ ಕೊಟ್ರೆ ಟೊಪ್ಪಿ ಬೀಳತ್ತೆ. ಸಮುದ್ರದ್ದು ಚೆನ್ನಾಗಿತ್ತು, ಢೀ ಕೊಟ್ಟಾಗೆಲ್ಲ ಬಾಯಲ್ಲಿ ಗುಳ್ಳೆ. ಆಮೇಲಿನವೆಲ್ಲ ಹಳೇ ಗೋಡೆಗೇ ಬಣ್ಣ ಬಳಿದದ್ದು."

"ಗೋಡೆನಾ?" ಎಂದ ಮೊಟ್ಟೆಯವನು. "ಅಜ್ಜಿ, ನೀವು ಬಲಗಡೆ ಹೋಗಲೇ ಇಲ್ವಾ?"

"ಬಲಗಡೆ ಏನಿದೆ?"

ಅವನು ಬಾಯಿ ತೆರೆದ. ಮೋಡಗಳಿವೆ, ಮುಳ್ಳುಹಂದಿಗಳಿವೆ, ರಾಜಕುಮಾರಿ ಇದ್ದಾಳೆ, ಇನ್ನೊಮ್ಮೆ ನೋಡಿ ಎಂದು ಹೇಳಹೊರಟ. ಹೆಂಡತಿ ನಕ್ಕು ನಕ್ಕು ಕಟ್ಟೆ ಹಿಡಿದುಕೊಂಡಳು.

"ಅದೆಲ್ಲ ಆಗಲ್ಲ ರೀ. ಅಜ್ಜಿ ಹೇಳಿದ್ದೇ ಹೇಳಿದ್ದು ಅಂತ ಒಪ್ಪಿದ್ದೀರಿ. ಅಜ್ಜೀ, ಒಂದೇ ಮಾತು ಹೇಳ್ಬಿಡಿ. ತಾಜಾನಾ, ಹಳಸಿದ್ದಾ?"

ಅಜ್ಜಿ ಮೊಟ್ಟೆಯವನ ಮುಖ ನೋಡಿದಳು. ತಾಜಾ ಎಂದರೆ ಸಾಕಿತ್ತು. ಅವನ ಮೇಲೆ ಅವಳಿಗೆ ಅಕ್ಕರೆಯೂ ಇತ್ತು. ಆದರೆ ತಾಜಾ ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

"ಹಳಸಿದ್ದು ಕಣಪ್ಪಾ. ಹೊಸದರ ಗೋಡೆ ಮೊದಲನೇದರದ್ದೇ. ಅದೇ ಇಟ್ಟಿಗೆ, ಅದೇ ಬಿರುಕು. ಕೊನೆಗೆ ಅವನು ಚೀಲ ಇಳಿಸಿ ನನ್ನನ್ನ ನೋಡಿದ್ನಲ್ಲ, ಅದೊಂದು ಬೇರೆ."

"ಚೀಲ ಇಳಿಸಿದ್ನಾ? ಅಂಚೆಯಣ್ಣ?"

"ಹೂಂ. ಟೊಪ್ಪೀನೂ ತೆಗೆದ."

ಮೊಟ್ಟೆಯವನು ಟೀವಿ ಹೊತ್ತು ಮಂಚದ ಕಾಲ ಬಳಿ ಇಟ್ಟ, ಟ್ರೇಗಳನ್ನೆಲ್ಲ ಒಂದೊಂದಾಗಿ ಹಿಂದಿನ ಕೋಣೆಗೆ ಸಾಗಿಸಿದ. ಹೆಂಡತಿ ಮಂಚದ ಮೇಲೆ ಕೈಕಾಲು ಚಾಚಿ, ಆ ಕಡೆ ಈ ಕಡೆ ಹೊರಳಿ, ಹಾಯಾಗಿ ನಿಟ್ಟುಸಿರಿಟ್ಟಳು. ಮಾಡಲು ಬೇರೇನೂ ತೋಚದೆ ಮಲಗಿದಲ್ಲೇ ಅಂಚೆಯಣ್ಣನನ್ನು ಬಲಗಡೆಗೆ ಎರಡು ಹೆಜ್ಜೆ ನಡೆಸಿಯೂ ನೋಡಿದಳು. ವಾರ ಕಳೆಯುವಷ್ಟರಲ್ಲಿ ಗಿರಾಕಿಗಳ ಮುಂದೆಯೇ, "ರೀ, ಆ ಮೂರನೇ ಮುಳ್ಳುಹಂದಿ ಮೇಲೆ ಹೇಗ್ರೀ ಹಾರೋದು?" ಎಂದು ಕೂಗತೊಡಗಿದಳು.

ಅವಳು ಬಿಟ್ಟ ಹೊತ್ತಿನಲ್ಲಿ ಮೊಟ್ಟೆಯವನ ಸರದಿ. ಅವನು ಬಲಕ್ಕೆ ಹೋಗುವುದನ್ನು ಬಿಟ್ಟೇಬಿಟ್ಟಿದ್ದ. ಹೊಸ ಭಾಗ ಹಾಕಿಕೊಂಡು ಅಂಚೆಯಣ್ಣನನ್ನು ಗೋಡೆಗೆ ಢೀ ಕೊಡಿಸುವನು, ಕೈ ಬಿಟ್ಟು ಕಾಯುವನು. ಪೆಟ್ಟಿಗೆಯನ್ನು ತಲೆಕೆಳಗು ಹಿಡಿದ, ಎಡಗೈಯಲ್ಲಿ ಹಿಡಿದ, ಅಜ್ಜಿ ಕೂತ ಮಣೆಯ ಮೇಲೆಯೇ ಕೂತ. ಅಂಚೆಯಣ್ಣ ಅವನಿಗೆ ಬೆನ್ನು ಹಾಕಿಯೇ ನಿಂತಿರುತ್ತಿದ್ದ.

ಕೊನೆಗೆ ಆ ಕಟ್ಟಡವನ್ನು ಕೆಡವುವ ಕಾಲ ಬಂತು, ಮೊಟ್ಟೆಯವನ ಅಂಗಡಿ ಊರಿನ ಇನ್ನೊಂದು ತುದಿಗೆ ಹೊರಟಿತು. ಗಾಡಿ ತುಂಬ ಟ್ರೇಗಳು, ಮುಂದೆ ಟೀವಿಯನ್ನು ಕೂಸಿನಂತೆ ತಬ್ಬಿಕೊಂಡ ಹೆಂಡತಿ. ಅಜ್ಜಿ ಸೂಜಿ ದಾರ ಕೈಯಲ್ಲೇ ಹಿಡಿದು ಮಹಡಿಯಿಂದ ಇಳಿದು ಬಂದಳು. ಗಾಡಿ ಹೊರಟಿತು, ಹತ್ತು ಮಾರು ಹೋಗಿ ನಿಂತಿತು. ಮೊಟ್ಟೆಯವನು ಇಳಿದು ಓಡಿಬಂದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಕೇಳಿದ:

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ಅವತ್ತು ಚೀಲ ಇಳಿಸೋಕೆ ನೀವು ಅಂಚೆಯಣ್ಣನಿಗೆ ಏನಂದ್ರಿ?"