ಟವೆಲ್ಲಿನ ಕೆಳಗಿನ ಮಾತು

ಲತಾಮಣಿ ಟೈಪು ಮಾಡಲು ಕೂತರೆ, ಅರಸೀಕೆರೆ ಜಂಕ್ಷನ್ನಿನಲ್ಲಿ ಕಾಫಿ ಕುಡಿಯುತ್ತಿದ್ದವರು ತಮ್ಮ ಗಾಡಿ ಹೊರಟೇಹೋಯಿತೆಂದು ಲೋಟ ಬಿಟ್ಟು ಓಡುತ್ತಿದ್ದರು. ಸ್ಟೇಷನ್ನಿಗೂ ಅವಳ ಮನೆಗೂ ಎರಡು ಮೈಲಿ. ನನ್ನನ್ನು ನಂಬದವರು ಅವಳ ಕನ್ನಡ ಸೀನಿಯರ್ ಟೈಪಿಂಗ್ ಸರ್ಟಿಫಿಕೇಟನ್ನಾದರೂ ನಂಬಿ.

ಇಷ್ಟಿದ್ದರೂ ಅವಳಿಗೆ ಕೆಲಸವಿರಲಿಲ್ಲ. ೧೯೯೮ರ ಮಾತು. ಅತ್ತೆ ಲಕ್ಕಮ್ಮ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದರು. ಗಂಡ ಭೀಮರಾಜ್ ಬೆಳಗಾದರೆ ಬೇಲೂರಿನ ಬಸ್ಸು ಹತ್ತುವ ಮೇಷ್ಟ್ರು. ಹಾಗಾಗಿ ಮನೆಯಲ್ಲೇ ಕೂತು ಮಾಡುವ ಕೆಲಸವೇ ಬೇಕು. ಮುಚ್ಚಿಹೋದ ಇನ್‌ಸ್ಟಿಟ್ಯೂಟಿನಿಂದ ತಂದ ಹಳೇ ಟೈಪ್‌ರೈಟರು ಅಡುಗೆಮನೆಯ ಮೂಲೆಯಲ್ಲಿತ್ತು.

“ಯುಗಾದಿ ಒಳಗೆ ಏನೂ ಗಿಟ್ಟದಿದ್ರೆ ಇದನ್ನ ಗುಜರಿಗೆ ಹಾಕ್ಬಿಡೋಣ ಕಣೇ,” ಎಂದಿದ್ದ ಭೀಮರಾಜ್.

ಅವಳು ಅರ್ಜಿಯ ಮೇಲೆ ಅರ್ಜಿ ಹಾಕಿದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ರೇಷನ್ ಕಾರ್ಡಿನವರೆಗೆ ಎಲ್ಲದರ ನಕಲಿಗೂ ಗೆಜೆಟೆಡ್ ಅಧಿಕಾರಿಯ ಸೀಲು. ಲಗ್ನಪತ್ರಿಕೆಯಂತೆ ನಾಲ್ಕು ಮೂಲೆಗೂ ಅರಿಶಿನ. ಆ ಲಕೋಟೆಗಳ ಭಾರಕ್ಕೆ ಪೋಸ್ಟ್‌ಮ್ಯಾನ್ ಬೋರಯ್ಯನ ಸೈಕಲ್ಲಿನ ಮುಂದಿನ ಚಕ್ರ ನೆಲ ಮುಟ್ಟಿ ತಿಂಗಳಾಗಿತ್ತು. ಇಪ್ಪತ್ತೆಂಟು ಹೋದವು, ಒಂದಕ್ಕೂ ಉತ್ತರವಿಲ್ಲ.

“ಏನವ್ವಾ, ಕೆಲ್ಸ ಕೇಳ್ತಿದ್ದೀಯೋ, ಹೆಣ್ಣು ಕೊಡ್ತಿದ್ದೀಯೋ?” ಎಂದ ಬೋರಯ್ಯ. “ಸೀಲು ತಗಂಡು ಅವ್ರೇನ್ ಮಾಡಾರು? ನಿನ್ ಕೈಕೆಲ್ಸ ತೋರ್ಸವ್ವ.”

ಇಪ್ಪತ್ತೊಂಬತ್ತನೆಯದು ಒಂದೇ ಹಾಳೆ. ಹಳ್ಳಿಯವರ ಮಾತು ತುಂಬಿದ ಕ್ಯಾಸೆಟ್ಟುಗಳನ್ನು ಕೇಳಿ ಟೈಪು ಮಾಡಿ ಅಂಚೆಯಲ್ಲಿ ಕಳಿಸುವವರು ಬೇಕೆಂದು ಬೆಂಗಳೂರಿನ ಸಂಸ್ಥೆಯೊಂದು ಜಾಹೀರಾತು ಕೊಟ್ಟಿತ್ತು. ‘ನಾನು ಗಂಡಸಿ ಹೋಬಳಿ ಕಡೆಯ ಸೊಸೆ. ಈ ಮಾತು ನನಗೆ ಬರುತ್ತದೆ. ಪರೀಕ್ಷಿಸಿ ನೋಡಿ’ ಎಂದಷ್ಟೇ ಟೈಪು ಮಾಡಿದಳು. ವಾರದಲ್ಲಿ ಪರೀಕ್ಷೆಯ ಕ್ಯಾಸೆಟ್ಟು ಬಂತು. ಬೇಕಾದವರು ಮೂವರು, ಕೇಳಿದವರು ಮುನ್ನೂರು.

ಅದು ದನದ ಸಂತೆಯ ಕ್ಯಾಸೆಟ್ಟು. ಇಬ್ಬರು ಒಂದು ಎತ್ತನ್ನು ಹೊಗಳುತ್ತಾ ತೆಗಳುತ್ತಾ ಇದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ಒಂದು ಕೆಮ್ಮು. ಮತ್ತೆ ಮೌನ. ಲತಾಮಣಿ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ, “ಹಾಳಾದ್ದು, ಕ್ಯಾಸೆಟ್ಟೇ ಕೆಟ್ಟೈತೆ,” ಎಂದು ತಲೆ ಹಿಡಿದುಕೊಂಡಳು.

ಮಂಚದಿಂದ ಲಕ್ಕಮ್ಮ ನಕ್ಕರು. “ಕೆಟ್ಟಿಲ್ಲ ಕಣೇ. ಟವಲ್ ಕೆಳಗೆ ಬೆರಳು ಹಿಡ್ಕಂಡವ್ರೆ!”

ಲಕ್ಕಮ್ಮನ ಗಂಡ, ತೀರಿಕೊಂಡ ದ್ಯಾವಯ್ಯ, ಗಂಡಸಿ ಕಡೆಯ ಹೆಸರಾಂತ ದನದ ದಲ್ಲಾಳಿ. ಸುತ್ತ ನಿಂತವರಿಗೆ ತಿಳಿಯದಂತೆ, ಟವೆಲ್ಲು ಮುಚ್ಚಿದ ಕೈಯಲ್ಲಿ ಬೆರಳು ಅದುಮಿಯೇ ದರ ಹೇಳುವ ವ್ಯಾಪಾರ ಅದು. ಲಕ್ಕಮ್ಮ ಸೊಸೆಯ ಕೈ ಮೇಲೆ ಟವೆಲ್ಲು ಹೊದಿಸಿ ಅದುಮಿ ತೋರಿಸಿ, ಕ್ಯಾಸೆಟ್ಟನ್ನು ಮತ್ತೆ ಹಾಕಿಸಿದರು.

“ಪಟ್ ಅಂತು, ಕೇಳುಸ್ತಾ? ಟವಲ್ ಕೊಡವಿ ಹೆಗಲಿಗೆ ಹಾಕ್ದ. ಒಪ್ಲಿಲ್ಲ.”

“ಈಗ?”

“ತಿರ್ಗಾ ಹಿಡಿದ್ರು. ಎತ್ತಿಗೂ ಮನ್ಸಿಲ್ಲ, ಉಸ್ರು ನೋಡು ಹೆಂಗ್ ಬಿಡ್ತೈತೆ. ಹಾ, ಗಂಟೆ ಸದ್ದು! ಹಗ್ಗ ಕೈ ಬದ್ಲಾಯ್ತು. ಯಾಪಾರ ಮುಗೀತು.”

ಒಂದೊಂದು ಮೌನವನ್ನೂ ಲತಾಮಣಿ ಹೀಗೆ ಕಂಸದೊಳಗೆ ಬಿಡಿಸಿ ಬರೆದು, ಕೊನೆಗೆ ‘ಇದು ನನ್ನ ಅತ್ತೆಯವರು ಹೇಳಿದ್ದು’ ಎಂದು ಸೇರಿಸಿದಳು. ಲಕೋಟೆ ಅಂಟಿಸಿದ ಮೇಲೆ ಕೈ ಅಭ್ಯಾಸಬಲದಿಂದ ಅರಿಶಿನದ ಡಬ್ಬಿಯತ್ತ ಹೋಯಿತು.

“ಅದು ಸಾರಿಗೆ ಇರ್ಲಿ,” ಎಂದರು ಲಕ್ಕಮ್ಮ.

ಯುಗಾದಿಗೆ ಮೂರು ದಿನವಿದ್ದಾಗ ಬೋರಯ್ಯ ಓಣಿಯ ತುದಿಯಿಂದಲೇ ಬೆಲ್ಲು ಹೊಡೆಯುತ್ತಾ ಬಂದ. ಹಳೇಬೀಡಿನ ಕಲ್ಲಾನೆಗಳೂ ಕಿವಿ ಅಲ್ಲಾಡಿಸಿದವಂತೆ. ಭೀಮರಾಜ್ ಕಾಗದ ಓದಿದ: ಉಳಿದವರೆಲ್ಲ ಮೌನದ ಜಾಗದಲ್ಲಿ ‘ಧ್ವನಿ ಇಲ್ಲ’ ಎಂದು ಬರೆದಿದ್ದರು, ಕೆಲಸ ಲತಾಮಣಿಗೆ, ಮುಂದಿನ ಕ್ಯಾಸೆಟ್ಟುಗಳನ್ನೂ ಅತ್ತೆಯವರು ಜೊತೆಗೆ ಕೇಳಬಹುದೇ?

“ಕೇಳ್ತಾರೆ ಅಂತ ಬರಿ,” ಎಂದರು ಲಕ್ಕಮ್ಮ. “ಆದ್ರೆ ಬೆಂಗ್ಳೂರಿಗೆ ಬಾ ಅನ್ಬಾರ್ದು. ನಾನೂ ಮನೇಲಿದ್ಕಂಡೇ ಮಾಡೋಳು.”

“ನಿಂಗೆ ಸಂಬ್ಳ ಏನ್ ಕೊಡೋದವ್ವಾ?” ಎಂದು ಭೀಮರಾಜ್ ನಕ್ಕ.

ಲಕ್ಕಮ್ಮ ಮಗನ ಕೈ ಎಳೆದುಕೊಂಡು ಟವೆಲ್ಲು ಮುಚ್ಚಿ ಅದುಮಿದರು. ಏನು ಕೇಳಿದರೋ ಗೊತ್ತಿಲ್ಲ. ಭೀಮರಾಜ್ ಎದ್ದು ಅಡುಗೆಮನೆಗೆ ಹೋದ, ಟೈಪ್‌ರೈಟರನ್ನು ಎದೆಗವಚಿ ಹೊತ್ತು ತಂದು ಮಂಚದ ಪಕ್ಕದಲ್ಲಿಟ್ಟ.