ಕೈಮಾತು ಮಸುಕಾಗದಂತೆ

ಬೀದಿಯವರೆಲ್ಲ ಆಕೆಯನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಮದುವೆಗೆ ಮುಂಚೆ ಒಂದು ವಿಡಿಯೋ ಸ್ಟುಡಿಯೋದಲ್ಲಿ ಎಡಿಟಿಂಗ್ ಕಲಿತವಳು. ಕ್ಯಾಸೆಟ್ಟಿನ ಕಾಲ ಮುಗಿದು ಸ್ಟುಡಿಯೋ ಬಾಗಿಲು ಮುಚ್ಚುವಾಗ ಅದರ ಮಾಲೀಕರು, "ಗುಜರಿಗೆ ಹಾಕೋ ಬದಲು ನೀನೇ ಇಟ್ಕೊಳ್ಳಮ್ಮ" ಎಂದು ಹಳೆಯ ಪ್ಲೇಯರುಗಳನ್ನು ಕೊಟ್ಟುಬಿಟ್ಟರು. ಊರೆಲ್ಲ ಕ್ಯಾಸೆಟ್ಟು ಬಿಸಾಡುತ್ತಿದ್ದಾಗ ಸೊಸೆ ಅದನ್ನೇ ನಂಬಿಕೊಂಡು ಮನೆಯ ಮುಂಗೋಣೆಯಲ್ಲಿ ಅಂಗಡಿ ತೆರೆದಳೆಂದು ಅತ್ತೆ ಮೂಗು ಮುರಿದಿದ್ದರು. ಆಮೇಲೆ ಒಬ್ಬೊಬ್ಬರೇ ಅಟ್ಟದಿಂದ ಚೀಲ ಇಳಿಸಿಕೊಂಡು ಬರತೊಡಗಿದಾಗ ಅದೇ ಅತ್ತೆ, "ನಮ್ಮ ಸೊಸೆ ಸತ್ತ ಟೇಪಿಗೂ ಜೀವ ಕೊಡ್ತಾಳೆ" ಎಂದು ಪಕ್ಕದ ಬೀಗದ ಕೈ ರಿಪೇರಿಯವನ ಹತ್ತಿರ ಹೇಳಿಕೊಳ್ಳಲು ಶುರುಮಾಡಿದರು.

ಅಂಗಡಿ ಅಂದರೆ ಒಂದು ಮೇಜು, ಎರಡು ಕಂಪ್ಯೂಟರ್ ಪರದೆ, ಗೋಡೆಯುದ್ದಕ್ಕೂ ತಂತಿಗಳ ಗೋಜಲು. ಒಳಬಾಗಿಲು ತೆರೆದರೆ ಅಡುಗೆಮನೆ. ಕುಕ್ಕರ್ ಕೂಗಿದಾಗ ಆಕೆ ಹೆಡ್‌ಫೋನನ್ನು ಕುತ್ತಿಗೆಗೆ ಜಾರಿಸಿಕೊಂಡೇ ಒಳಗೆ ಓಡುತ್ತಿದ್ದಳು. ಗಿರಾಕಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎಂಪಿ ಫೋರ್ ಮಾಡಿಕೊಡ್ತೀರಾ?" ಅದಕ್ಕೆ ಅವಳು ಬೇಸರವಿಲ್ಲದೆ ಹೇಳುತ್ತಿದ್ದಳು: "ಎಂಪಿ ಫೋರ್ ಅನ್ನೋದು ಬರೀ ಡಬ್ಬ ಕಣ್ರೀ. ಒಳಗೆ ಬಟ್ಟೆ ಹೇಗೆ ಮಡಚಿ ತುಂಬಿದೀವಿ ಅನ್ನೋದು ಬೇರೆ ವಿಷಯ. ಆ ಮಡಚೋ ವಿದ್ಯೆಗೆ ಕೋಡೆಕ್ ಅಂತಾರೆ. ಮಡಚಿದೋನಿಗೆ ಗೊತ್ತಿರೋ ವಿದ್ಯೆ ಬಿಚ್ಚೋನಿಗೂ ಗೊತ್ತಿರಬೇಕು, ಇಲ್ಲಾಂದ್ರೆ ಡಬ್ಬ ಇದ್ರೂ ಏನೂ ಕಾಣಲ್ಲ." ಅರ್ಥವಾದವರು ತಲೆಯಾಡಿಸುತ್ತಿದ್ದರು, ಆಗದವರು ಇನ್ನೂ ಜೋರಾಗಿ ತಲೆಯಾಡಿಸುತ್ತಿದ್ದರು.

ಒಂದು ದಿನ ಮರಗೆಲಸದವನೊಬ್ಬ ಬಂದ. ಅಂಗಿಯ ತೋಳಿನಲ್ಲಿ ಇನ್ನೂ ಮರದ ಹೊಟ್ಟಿತ್ತು. ಜೊತೆಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು. ಅಪ್ಪನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ, ತೀರಿಕೊಂಡ ಅಜ್ಜಿಗೂ ಕೇಳಿಸುತ್ತಿರಲಿಲ್ಲ ಎಂದು ಮಗಳೇ ಹೇಳಿದಳು. ಅವರು ತಂದಿದ್ದು ಆ ಅಜ್ಜಿಯ ಟೇಪು. ಮನೆಮಂದಿ ಸೇರಿದ್ದಾಗ ಯಾರೋ ಕ್ಯಾಮೆರಾ ಹಿಡಿದಿದ್ದರು. ಅಜ್ಜಿ ಕುರ್ಚಿಯಲ್ಲಿ ಕೂತು ಕೈಸನ್ನೆಯಲ್ಲಿ ಏನೇನೋ ಕಥೆ ಹೇಳಿದ್ದರು. ಬೇರೆ ಊರುಗಳಲ್ಲಿರುವ ಸೋದರತ್ತೆಗೂ ಚಿಕ್ಕಪ್ಪಂದಿರಿಗೂ ಅದನ್ನು ಫೋನಿನಲ್ಲಿ ಕಳಿಸಬೇಕು. ಅವರಿಗೂ ಕಿವಿ ಕೇಳಿಸುವುದಿಲ್ಲ.

"ಚಿಕ್ಕದಾಗಿರಬೇಕು ಅಕ್ಕ. ಅವರ ಫೋನೆಲ್ಲ ಹಳೇವು."

"ಅದಕ್ಕೇನಮ್ಮ, ಚಿಕ್ಕದು ಮಾಡೋದೇ ನನ್ನ ಕೆಲಸ" ಎಂದಳು ಟೇಪಕ್ಕ.

ಟೇಪು ಹೂವಿನಂತೆ ಓಡಿತು. ಬೂಷ್ಟಿರಲಿಲ್ಲ, ಎಲ್ಲೂ ಹರಿದಿರಲಿಲ್ಲ. ಕಂಪ್ಯೂಟರಿಗೆ ಯಾವಾಗಲೂ ಕೊಡುವ ಅಳತೆಗಳನ್ನೇ ಕೊಟ್ಟು ಅದನ್ನು ಅಂಗೈಯಗಲಕ್ಕೆ ಕುಗ್ಗಿಸಿದಳು. ಅಜ್ಜಿಯ ಮುಖದ ಸುಕ್ಕು, ಮೂಗಿನ ಪಕ್ಕದ ನರಹುಲಿ, ಕುರ್ಚಿಯ ಕೆತ್ತನೆ, ಎಲ್ಲ ಎದ್ದು ಕಾಣುತ್ತಿತ್ತು. ತನ್ನ ಬೆನ್ನು ತಾನೇ ತಟ್ಟಿಕೊಂಡು ಕಳಿಸಿಕೊಟ್ಟಳು.

ಆ ವಾರವೇ ಅಪ್ಪ ಮಗಳು ಮತ್ತೆ ಬಂದರು. ಮರಗೆಲಸದವನು ಫೋನನ್ನು ಮೇಜಿನ ಮೇಲಿಟ್ಟು, ವಿಡಿಯೋ ಹಾಕಿ, ತನ್ನ ಅಮ್ಮನ ಕೈಗಳನ್ನು ಬೆರಳಿನಿಂದ ಕುಟ್ಟಿ ತೋರಿಸಿದ. ಆಮೇಲೆ ಮಗಳ ಕಡೆ ತಿರುಗಿ ರಪರಪನೆ ಏನೋ ಹೇಳಿದ.

"ಏನಂತಾರೆ?" ಟೇಪಕ್ಕ ಕೇಳಿದಳು.

"ಅಜ್ಜಿ ತೊದಲ್ತಾ ಇದಾರಂತೆ" ಎಂದಳು ಮಗಳು ಸಂಕೋಚದಿಂದ. "ಅಜ್ಜಿ ಯಾವತ್ತೂ ತೊದಲಿದೋರಲ್ಲ. ಅರ್ಧ ಮಾತು ನುಂಗಿಹೋಗಿದೆ ಅಂತಾರೆ. ಸೋದರತ್ತೆ ಒಂದು ಅರ್ಥ ಮಾಡ್ಕೊಂಡ್ರೆ ಚಿಕ್ಕಪ್ಪ ಇನ್ನೊಂದು ಮಾಡ್ಕೊಂಡು ಈಗ ಅವರಲ್ಲೇ ಜಗಳ."

ಟೇಪಕ್ಕ ಬಗ್ಗಿ ನೋಡಿದಳು. ನಿಜ, ಕೈ ಬೀಸಿದಾಗಲೆಲ್ಲ ಬೆರಳುಗಳು ಹಿಟ್ಟು ಕಲಸಿದಂತೆ ಒಂದಾಗಿಬಿಡುತ್ತಿದ್ದವು. ಆದರೆ ಹೇಳಿದ್ದು ಬೇರೆ: "ಹಳೇ ಟೇಪಮ್ಮ, ಇಷ್ಟು ಬಂದಿರೋದೇ ಹೆಚ್ಚು. ಮುಖ ನೋಡು, ಎಷ್ಟು ಚೆನ್ನಾಗಿ ಬಂದಿದೆ."

ಮಗಳು ಅದನ್ನು ಅಪ್ಪನಿಗೆ ಕೈಯಲ್ಲಿ ಹೇಳಿದಳು. ಅವನು ಒಮ್ಮೆ ಟೇಪಕ್ಕನನ್ನು ನೋಡಿದ. ತನ್ನ ಬಾಯಿಗೆ ಅಂಗೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಅವಳ ಕಡೆ ಬೊಟ್ಟು ಮಾಡಿದ. ಅದಕ್ಕೆ ಮಗಳ ಅನುವಾದ ಬೇಕಾಗಲಿಲ್ಲ. ನಿನ್ನ ಬಾಯಿ ಮುಚ್ಚಿ ಮುಖ ಮಾತ್ರ ತೋರಿಸಿದರೆ ಹೇಗಿರುತ್ತದೆ, ಹಾಗಿದೆ ಇದು.

ಟೇಪಕ್ಕನಿಗೆ ರೇಗಿತು. ಸರಿಯಾದ ಮಾತಿಗೆ ಉತ್ತರ ಹೊಳೆಯದಿದ್ದಾಗ ಬರುವ ಸಿಟ್ಟು ಅದು. "ನೋಡ್ತೀನಿ, ಟೇಪು ಇಟ್ಟು ಹೋಗಿ" ಎಂದಷ್ಟೇ ಹೇಳಿ ಕಳಿಸಿದಳು.

ರಾತ್ರಿ ಊಟಕ್ಕೆ ಕೂತಾಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನ ಮುಂದೆ ಅದನ್ನೆಲ್ಲ ಕಾರಿಕೊಂಡಳು. ಅವನು ನಡುನಡುವೆ ನಕ್ಕ, ಅವಳೂ ನಕ್ಕಳು. ಅತ್ತೆಗೆ ಈಚೆಗೆ ಕಿವಿ ಮಂದವಾಗಿತ್ತು. ಅವರು ಇಬ್ಬರ ಮುಖಗಳನ್ನೂ ಬದಲಿಸಿ ಬದಲಿಸಿ ನೋಡಿ ಕೇಳಿದರು: "ಏನಂತೆ?"

"ಏನಿಲ್ಲ ಅತ್ತೇ, ಗಿರಾಕಿ ಜೊತೆ ಕಿರಿಕಿರಿ."

ಅತ್ತೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು. "ಇಷ್ಟೊತ್ತು ಇಬ್ರೂ ಮಾತಾಡಿದ್ರಿ, ಬಿದ್ದು ಬಿದ್ದು ನಕ್ಕಿದ್ರಿ. ನನ್ನ ಪಾಲಿಗೆ ಬಂದಿದ್ದು ಇಷ್ಟೇನಾ? ದಿನಾ ಇದೇ ಆಯ್ತು. ಸಾರಾಂಶ ಕೇಳ್ಕೊಂಡು ಬದುಕೋಕಾಗುತ್ತೇನೇ?"

ಗಂಡ ತಲೆ ತಗ್ಗಿಸಿ ಊಟ ಮುಂದುವರಿಸಿದ. ಟೇಪಕ್ಕ ಕೈ ತೊಳೆದು ಬಂದು ಅತ್ತೆಯ ಎದುರಿಗೇ ಕುರ್ಚಿ ಎಳೆದುಕೊಂಡಳು. ಮೊದಲಿಂದ ಶುರುಮಾಡಿ, ಅಂಗಿಯ ತೋಳಿನ ಮರದ ಹೊಟ್ಟನ್ನೂ ಬಿಡದೆ, ನಿಧಾನವಾಗಿ, ಬಾಯಿ ಕಾಣುವಂತೆ ಹೇಳಿದಳು. ವಿಡಿಯೋ ಚಿಕ್ಕದಾಗುವುದು ಹೇಗೆ ಎಂಬುದನ್ನೂ ಹೇಳಬೇಕಾಯಿತು. "ಪ್ರತಿ ಚಿತ್ರಾನೂ ಪೂರ್ತಿ ಇಟ್ಕೊಳ್ಳಲ್ಲ ಅತ್ತೇ. ಗೋಡೆ ಹಾಗೇ ಇದೆಯಾ, ಹಿಂದಿಂದೇ ಬಳಸ್ಕೋ ಅನ್ನುತ್ತೆ. ಬದಲಾಗಿದ್ದು ಮಾತ್ರ ಬರ್ಕೊಳ್ಳುತ್ತೆ. ಅದಕ್ಕೂ ಜಾಗ ಸಾಲದಿದ್ರೆ, ಜೋರಾಗಿ ಓಡಾಡೋದು ಹೇಗೂ ಕಣ್ಣಿಗೆ ಸರಿಯಾಗಿ ಕಾಣಲ್ಲ ಅಂತ ಅದನ್ನ ಒರಟಾಗಿ ಬಳಿದುಬಿಡುತ್ತೆ."

"ಯಾರ ಕಣ್ಣಿಗೆ?" ಅತ್ತೆ ಕೇಳಿದರು.

"ಜನರ ಕಣ್ಣಿಗೆ."

"ಯಾವ ಜನ?"

ಇಷ್ಟು ವರ್ಷ ಈ ಕೆಲಸ ಮಾಡಿದ ಟೇಪಕ್ಕನಿಗೆ ಆ ಪ್ರಶ್ನೆ ಒಮ್ಮೆಯೂ ಎದುರಾಗಿರಲಿಲ್ಲ.

ಮಾರನೆಯ ದಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಆ ಟೇಪಿಗೇ ಕೂತಳು. ಮೊದಲು ಜಾಗ ಜಾಸ್ತಿ ಕೊಟ್ಟು ನೋಡಿದಳು. ಫೈಲು ಆನೆಯ ಗಾತ್ರವಾಯಿತೇ ಹೊರತು ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಟೇಪಿನ ಮೇಲಿನ ಗರಗರ ಚುಕ್ಕೆಗಳನ್ನು ಒರೆಸಿ ನೋಡಿದಳು. ಚುಕ್ಕೆಗಳ ಜೊತೆ ಕಿರುಬೆರಳೂ ಒರೆಸಿಹೋಯಿತು. ತಲೆ ಕೆಟ್ಟು, ಒಂದೊಂದೇ ಚಿತ್ರವನ್ನು ನಿಲ್ಲಿಸಿ ನೋಡತೊಡಗಿದಾಗ ಸ್ಟುಡಿಯೋದಲ್ಲಿ ಎಂದೋ ಕಲಿತದ್ದು ನೆನಪಾಯಿತು. ಹಳೆಯ ಕ್ಯಾಮೆರಾ ಒಂದು ಚಿತ್ರವನ್ನು ಒಂದೇ ಸಲಕ್ಕೆ ಬರೆಯುವುದಿಲ್ಲ. ಮೊದಲು ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯುತ್ತದೆ, ಮರುಗಳಿಗೆ ಬಿಟ್ಟ ಗೆರೆಗಳನ್ನು ತುಂಬುತ್ತದೆ. ಆ ಎರಡರ ನಡುವೆ ಕೈ ಮುಂದೆ ಸರಿದಿರುತ್ತದೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಎನ್ನುತ್ತೇವೆ, ನಿಜಕ್ಕೂ ಟೇಪಿನಲ್ಲಿರುವುದು ಐವತ್ತು ಅರೆಚಿತ್ರ. ಅವಳ ಮಾಮೂಲಿ ಅಳತೆಗಳು ಎರಡೆರಡನ್ನು ಕಲಸಿ ಒಂದು ಮಾಡುತ್ತಿದ್ದವು. ಮದುವೆ ಮನೆಯಲ್ಲಿ ನಿಂತು ನಗುವವರಿಗೆ ಅದರಿಂದ ಏನೂ ಕೊರತೆಯಾಗುವುದಿಲ್ಲ. ಇಲ್ಲಿ ಮಾತ್ರ ಅಜ್ಜಿಯ ಅರ್ಧ ಮಾತು ಅದರಲ್ಲೇ ಹೋಗಿತ್ತು.

ತಪ್ಪು ಟೇಪಿನದಲ್ಲ. ಅರೆಚಿತ್ರಗಳನ್ನು ಬೇರೆ ಬೇರೆಯಾಗಿ ಬಿಡಿಸಿ, ಒಂದೊಂದನ್ನೂ ಪೂರ್ತಿ ಚಿತ್ರವಾಗಿ ಬೆಳೆಸಿ, ಐವತ್ತನ್ನೂ ಉಳಿಸಿ ಓಡಿಸಿದಳು. ಅಜ್ಜಿಯ ಕೈಗಳು ನೀರಿನಂತೆ ಹರಿದವು. ಒಂದು ಅಕ್ಷರವೂ ಅವಳಿಗೆ ತಿಳಿಯಲಿಲ್ಲ. ಆದರೂ ಇದು ಮಾತು ಎಂದು ಮೊದಲ ಸಲ ಅನ್ನಿಸಿತು.

ಈಗ ಚಿಕ್ಕದು ಮಾಡುವುದಿತ್ತು. ಈ ಸಲ ಒಬ್ಬಳೇ ತೀರ್ಮಾನಿಸುವ ಧೈರ್ಯ ಬರಲಿಲ್ಲ. ಮಗಳಿಗೆ ಫೋನ್ ಮಾಡಿ ಇಬ್ಬರನ್ನೂ ಕರೆಸಿ, ಮರಗೆಲಸದವನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

"ಏನು ಬಿಸಾಡಬಹುದು, ಏನು ಬಿಸಾಡಬಾರದು ಅಂತ ಅವರೇ ಹೇಳಲಿ."

ವಿಡಿಯೋದಲ್ಲಿ ಅಜ್ಜಿಯ ಬೆನ್ನ ಹಿಂದೆ ಕಿಟಕಿಯ ಹೂವಿನ ಪರದೆ ಗಾಳಿಗೆ ಅಲುಗಾಡುತ್ತಿತ್ತು. ಅದರ ಒಂದೊಂದು ಅಲುಗಾಟಕ್ಕೂ ಜಾಗ ಪೋಲಾಗುತ್ತಿತ್ತು. ಅವನು ಕೈ ಬೀಸಿದ: ಹೋಗಲಿ. ಅವಳು ಪರದೆಯ ಭಾಗವನ್ನು ಮಂಕು ಮಾಡಿದಳು. ಕುರ್ಚಿಯ ಕಾಲು, ನೆಲ, ಅದನ್ನೂ ಕತ್ತರಿಸಿದಳು. ಹುಮ್ಮಸ್ಸಿನಲ್ಲಿ ಕೈಗಳಷ್ಟೇ ಸಾಕೇನೋ ಎಂದು ಚೌಕಟ್ಟನ್ನು ಇನ್ನೂ ಕಿರಿದು ಮಾಡಲು ಹೋದಾಗ ಅವನು ಅವಳ ಮೌಸನ್ನೇ ಹಿಡಿದುಬಿಟ್ಟ. ತನ್ನ ಹುಬ್ಬು ಏರಿಸಿ ತೋರಿಸಿದ, ಭುಜ ಕುಣಿಸಿ ತೋರಿಸಿದ.

"ಹುಬ್ಬು ಏರಿಸಿದ್ರೆ ಪ್ರಶ್ನೆ ಅಕ್ಕ" ಎಂದಳು ಮಗಳು. "ಅದಿಲ್ಲಾಂದ್ರೆ ಕೇಳಿದ್ದೋ ಹೇಳಿದ್ದೋ ಗೊತ್ತಾಗಲ್ಲ."

"ಹಾಗಾದ್ರೆ ಮುಖಾನೂ ಬೇಕು. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಬಿಡು."

ಮಗಳು ಅದನ್ನು ಕೈಯಲ್ಲಿ ಹೇಳಿದ್ದೇ ತಡ, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಉಳಿದದ್ದು ಧ್ವನಿ. ಟೇಪಕ್ಕ ಪರದೆಯ ಮೇಲೆ ಅದರ ಏರಿಳಿತದ ಗೆರೆಯನ್ನು ತೋರಿಸಿ, "ಇದನ್ನ ತೆಗೆದ್ರೆ ಇನ್ನೂ ಸ್ವಲ್ಪ ಜಾಗ ಉಳಿಯುತ್ತೆ" ಎಂದಳು. ಮರಗೆಲಸದವನು ಭುಜ ಹಾರಿಸಿದ. ಅದು ಅವನ ಮಟ್ಟಿಗೆ ಇದ್ದರೂ ಅಷ್ಟೇ, ಹೋದರೂ ಅಷ್ಟೇ. ಅವಳ ಕೈ ಗುಂಡಿಯ ಹತ್ತಿರ ಹೋಗಿತ್ತು.

"ಬೇಡ ಅಕ್ಕ!" ಮಗಳು ಕೂಗಿಯೇಬಿಟ್ಟಳು. ಆಮೇಲೆ ನಾಚಿ ತಗ್ಗಿದ ದನಿಯಲ್ಲಿ, "ಒಂದ್ಸಲ ಜೋರಾಗಿ ಇಡಿ" ಎಂದಳು.

ಟೇಪಕ್ಕ ಧ್ವನಿ ಏರಿಸಿದಳು. ಬೀದಿಯ ಯಾವುದೋ ಗಾಡಿ, ಪಾತ್ರೆಯ ಸದ್ದು. ಅವುಗಳ ನಡುವೆ ಅಂಗೈಗೆ ಅಂಗೈ ತಗಲುವ ಚಪ್‌ ಚಪ್‌. ಅದರ ಕೆಳಗೆ, ಕಥೆಯ ರಭಸಕ್ಕೆ ತಕ್ಕಂತೆ ಏರಿಳಿಯುವ ಒಂದು ಗುಂಯ್‌ಗುಡುವಿಕೆ. ಅಜ್ಜಿಯ ಗಂಟಲಿನದು. ತಾನು ಆ ಸದ್ದು ಮಾಡುತ್ತಿದ್ದೇನೆಂದು ಅವರಿಗೇ ಗೊತ್ತಿದ್ದಿರಲಾರದು.

"ನಾನು ಅಜ್ಜಿ ತೊಡೆ ಮೇಲೆ ಮಲಗ್ತಿದ್ನಲ್ಲ, ಅವರು ಯಾರ ಜೊತೆಗಾದ್ರೂ ಮಾತಾಡ್ತಿದ್ರೆ ಮೇಲಿಂದ ಈ ಸದ್ದು ಬರ್ತಿತ್ತು. ಮನೇಲಿ ಇದು ಕೇಳಿಸ್ತಿದ್ದಿದ್ದು ನನಗೊಬ್ಬಳಿಗೇ. ಇನ್ನೊಬ್ಬರ ಹತ್ರ ಹೇಳ್ಕೊಳ್ಳೋಕೂ ಆಗ್ತಿರಲಿಲ್ಲ" ಎಂದಳು ಮಗಳು.

ಅಪ್ಪ ಮಗಳ ಮುಖವನ್ನೂ ಪರದೆಯನ್ನೂ ನೋಡಿ ಏನೆಂದು ಕೇಳಿದ. ಅವಳು ಹೇಳಿದಳು. ಅವನು ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತುಕೊಂಡ. ಟೇಪಕ್ಕ ಒಳಗೆ ಹೋಗಿ ಟೀ ಇಟ್ಟು ಬಂದಳು, ಬೇಕಂತಲೇ ನಿಧಾನವಾಗಿ.

ಧ್ವನಿ ಉಳಿಯಿತು. ಹೊಸ ಕೋಡೆಕ್ಕಿನಲ್ಲಿ ಮಡಚಿದ್ದರೆ ಫೈಲು ಇನ್ನೂ ಅರ್ಧಕ್ಕಿಳಿಯುತ್ತಿತ್ತು, ಆದರೆ ಹಳೆಯ ಫೋನುಗಳು ಅದನ್ನು ಬಿಚ್ಚಲಾರದೆ ತಡವರಿಸುತ್ತವೆ. ಅದಕ್ಕೇ ಎಲ್ಲ ಫೋನಿಗೂ ಗೊತ್ತಿರುವ ಹಳೆಯದನ್ನೇ ಹಿಡಿದಳು. ಕಳಿಸುವಾಗ ವಿಡಿಯೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಲು ಮಗಳಿಗೆ ಹೇಳಿಕೊಟ್ಟಳು. ಇಲ್ಲದಿದ್ದರೆ ದಾರಿಯಲ್ಲಿ ಸಂದೇಶ ಕಳಿಸುವ ಆ್ಯಪ್ ಮತ್ತೊಮ್ಮೆ ಹಿಂಡಿಬಿಡುತ್ತದೆ. ಏನನ್ನೂ ಬಿಸಾಡದ ಪೂರ್ತಿ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಹಾಕಿ, "ಇದು ಮೂಲ, ಇದನ್ನ ಯಾವತ್ತೂ ಕುಗ್ಗಿಸಬೇಡಿ" ಎಂದು ಅಪ್ಪನ ಕೈಗೇ ಕೊಟ್ಟಳು.

ಅಜ್ಜಿ ಹೇಳಿದ ಕಥೆ ಏನೆಂದು ಆಮೇಲೆ ತಿಳಿಯಿತು. ಅಜ್ಜನೂ ಮರಗೆಲಸದವನೇ. ಕೋಣೆಯೊಳಗೇ ದೊಡ್ಡ ಬೀರು ಮಾಡಿ ಮುಗಿಸಿ ನೋಡಿದರೆ ಅದು ಬಾಗಿಲಲ್ಲಿ ಹಿಡಿಯಲಿಲ್ಲವಂತೆ. ಬೀರು, ಬಾಗಿಲು, ಅಜ್ಜನ ಮುಖ, ಮತ್ತೆ ಬೀರು, ಹೀಗೆ ಅಜ್ಜಿ ಮೂರನ್ನೂ ತಾವೇ ಆಗಿ ತೋರಿಸುವುದರಲ್ಲೇ ಕಥೆಯ ರುಚಿಯೆಲ್ಲ ಇತ್ತು. ಅವರ ಸನ್ನೆಯಲ್ಲಿ ಬೀರುವಿಗೂ ಬಾಗಿಲಿಗೂ ಬೆರಳಿನ ಒಂದು ಸಣ್ಣ ಮಡಿಕೆಯಷ್ಟೇ ವ್ಯತ್ಯಾಸ. ಮಸುಕಾದ ವಿಡಿಯೋ ನೋಡಿ ಅಜ್ಜ ಬಾಗಿಲು ಮುರಿದರು ಎಂದು ಸೋದರತ್ತೆಯೂ, ಬೀರು ಮುರಿದರು ಎಂದು ಚಿಕ್ಕಪ್ಪನೂ ಹಟ ಹಿಡಿದಿದ್ದರು. ಅಜ್ಜಿಯ ಪ್ರಕಾರ ಅಜ್ಜ ಎರಡನ್ನೂ ಮುರಿಯಲಿಲ್ಲ. ಬೀರುವನ್ನು ಅಲ್ಲೇ ಬಿಟ್ಟು, ಅದು ಅಲ್ಲಿರಲಿ ಅಂತಲೇ ಮಾಡಿದ್ದು ಎಂದರಂತೆ.

ಈ ಸುದ್ದಿ ಕಿವಿ ಕೇಳಿಸದವರ ಸಂಘಕ್ಕೂ ಮುಟ್ಟಿತು. ಅದರ ಕಾರ್ಯದರ್ಶಿ ಒಂದು ಡಿಸ್ಕ್ ಹಿಡಿದು ಬಂದರು. ಹಳೆಯ ಸಭೆಯೊಂದರ ಭಾಷಣಗಳು. ಯಾರೋ ಎಂದೋ ಕುಗ್ಗಿಸಿ ಡಿಸ್ಕಿಗೆ ಹಾಕಿ ಟೇಪುಗಳನ್ನು ಬಿಸಾಡಿದ್ದರು. ಟೇಪಕ್ಕ ತನಗೆ ಗೊತ್ತಿದ್ದನ್ನೆಲ್ಲ ಮಾಡಿ ನೋಡಿದಳು. ಕಲಸಿಹೋದದ್ದು ಬಿಡಿಸಿ ಬರಲಿಲ್ಲ. ಆಗುವುದಿಲ್ಲ ಎಂದು ಕೈಯಲ್ಲಿ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು, ಅಷ್ಟಕ್ಕೇ ಅವರಿಗೆ ತಿಳಿಯಿತು. ಅವರು ಫೋನಿನಲ್ಲಿ ಬರೆದು ತೋರಿಸಿದರು: "ಹೋದದ್ದು ಹೋಯಿತು. ಮುಂದೆ ನಾವೇ ತೆಗೆಯುವಾಗ ಹೇಗೆ ತೆಗೆಯಬೇಕು, ಬಂದು ಹೇಳಿಕೊಡಿ."

ಒಂದು ಭಾನುವಾರ ಮಧ್ಯಾಹ್ನ ಆಕೆ ಸಂಘದ ಕೋಣೆಗೆ ಹೋದಳು. ಅತ್ತೆಯೂ ಹೊರಟು ನಿಂತರು. "ನನಗೂ ಅಲ್ಲಿ ಕೆಲಸ ಇದೆ, ನಾಳೆ ಬೇಕಾಗೋ ವಿದ್ಯೆ" ಎಂದು ನಗಾಡಿದರು. ಟೇಪಕ್ಕ ಮೊದಲು, ಅನುವಾದಕ್ಕೆಂದು ಬಂದಿದ್ದ ಮರಗೆಲಸದವನ ಮಗಳ ಮುಖ ನೋಡಿಕೊಂಡು ಮಾತಾಡಿದಳು. ಮುಂದಿನ ಸಾಲಿನವರೊಬ್ಬರು ಕೈ ಎತ್ತಿ, ನಮ್ಮನ್ನು ನೋಡಿ ಹೇಳಿ ಎಂದು ತಿದ್ದಿದರು. ಅವಳು ತಿರುಗಿ ನಿಂತಳು. ಬೋಳು ಗೋಡೆಯ ಮುಂದೆ ಕೂರಿ, ಗೀರುಗೀರಿನ ಅಂಗಿ ಬೇಡ, ಬೆಳಕು ಎದುರಿನಿಂದ ಬರಲಿ, ಫೋನನ್ನು ಕೈಯಲ್ಲಿ ಹಿಡಿಯದೆ ಎಲ್ಲಾದರೂ ಆನಿಸಿ ಇಡಿ. ಫೋನಿನಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಎಂದು ಆರಿಸುವ ಜಾಗ ಎಲ್ಲಿದೆ ಎಂಬುದನ್ನು ಬೆಂಚಿಂದ ಬೆಂಚಿಗೆ ಹೋಗಿ ತೋರಿಸಿದಳು. ಪ್ರಶ್ನೆಗಳು ಮುಗಿಯುವಂತೆಯೇ ಇರಲಿಲ್ಲ.

ಕೊನೆಗೆ, ಪರೀಕ್ಷೆಗೆಂದು ಒಂದು ವಿಡಿಯೋ ತೆಗೆಯಲು ಹೊರಟಾಗ ಒಬ್ಬ ಮುದುಕಿ ಗೋಡೆಯ ಮುಂದೆ ಬಂದು ನಿಂತರು. ಸೆರಗು ಸರಿಮಾಡಿಕೊಂಡು ಸನ್ನೆಯಲ್ಲಿ ಹೇಳಲು ಶುರುಮಾಡಿದರು. ಕೋಣೆಯಲ್ಲಿ ಕೂತವರೆಲ್ಲ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಅತ್ತೆ ಟೇಪಕ್ಕನ ಕಿವಿಯ ಹತ್ತಿರ ಬಗ್ಗಿ, "ಏನಂತೆ?" ಎಂದರು. ತನಗೂ ತಿಳಿಯಲಿಲ್ಲ ಎಂದಳು ಟೇಪಕ್ಕ. ಮುದುಕಿ ಮುಗಿಸಿದಾಗ ಚಪ್ಪಾಳೆಯ ಬದಲು ಎಲ್ಲರೂ ಎರಡು ಕೈಗಳನ್ನೂ ಮೇಲೆತ್ತಿ ಅಲ್ಲಾಡಿಸಿದರು. ಅತ್ತೆಯೂ ಅಲ್ಲಾಡಿಸಿದರು. ಟೇಪಕ್ಕ ಲ್ಯಾಪ್‌ಟಾಪಿನಲ್ಲಿ ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ ಹೋದಳು. ಎಲ್ಲಿ ನಿಲ್ಲಿಸಿದರೂ ಬೆರಳುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿದ್ದವು.