ಖಾಜಾಸಾಬನ ನೆಟ್ಟು ಯಾಕೆ ನಿಧಾನ ಇತ್ತು

ನಮ್ಮ ಮನೆಯ ನೆಟ್ಟು ನಿಧಾನ ಇದ್ದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅನ್ನ ಹೇಗೆ ಇಳಿಯುವುದಿಲ್ಲ ಅಂತ ಮೂರು ದಿನ ನೋಡಿದ್ದೇನೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟ ಮುದುಕಿಗೆ ಇಂಟರ್‌ನೆಟ್ಟು ಕೆಡಿಸುವಷ್ಟು ವಿದ್ಯೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಕೆಡಿಸಲಿಕ್ಕೆ ವಿದ್ಯೆ ಬೇಕಾಗಿಲ್ಲ, ಹಠ ಸಾಕು.

ಸಾಣಾಪುರದ ಕೆರೆ ನೋಡಲು ಬರುವ ಮಂದಿಗೆ ಅಂತ ನಮ್ಮ ಹಿತ್ತಲಲ್ಲಿ ನಾಲ್ಕು ಕೋಣೆ ಇವೆ. ನಡೆಸುವವಳು ಸೊಸೆ ರೇಣುಕಾ. ಮೊದಲೆಲ್ಲ ಬಂದವರು ಕುಡಿಯಲು ನೀರು ಕೇಳುತ್ತಿದ್ದರು. ಈಗ ವೈಫೈ ಪಾಸ್‌ವರ್ಡ್ ಕೇಳುತ್ತಾರೆ, ನೀರು ಆಮೇಲೆ. ಆ ವೈಫೈ ನಮ್ಮೂರ ಕೇಬಲ್ ಖಾಜಾಸಾಬನದು. ಮೊದಲು ಟಿವಿ ವಾಯರ್ ಎಳೆಯುತ್ತಿದ್ದ, ಈಗ ಫೈಬರ್ ಎಳೆಯುತ್ತಾನೆ. ಓಣಿಯ ಎಲ್ಲ ಮನೆಗೂ ಅವನದೇ ಲೈನು, ಯಾಕೆಂದರೆ ಮೊದಲು ನಾವು ಹಾಕಿಸಿಕೊಂಡೆವು. ನಮ್ಮ ಓಣಿಯ ರೀತಿಯೇ ಅದು. ಹೊಸ ನೆಲ್ಲಿನ ತಳಿಯಾಗಲಿ, ಹೊಲಿಗೆ ಮಿಷನ್ ಆಗಲಿ, ಒಂದು ಮನೆಯವರು ತಂದು ನೋಡಬೇಕು. ಉಳಿದವರು ಗೋಡೆ ಮೇಲಿಂದ ಇಣುಕಿ ನೋಡಿ ಸಾಲಾಗಿ ತರುತ್ತಾರೆ. ಬಿಡುವಾಗಲೂ ಸಾಲಾಗಿಯೇ ಬಿಡುತ್ತಾರೆ. ನಾವು ಬಿಟ್ಟರೆ ಖಾಜಾಸಾಬನ ಕೈಯಿಂದ ಇಡೀ ಓಣಿ ಹೋದಂತೆ.

ಒಂದು ಶುಕ್ರವಾರ ಗಂಗಾವತಿಯಿಂದ ಬೇರೆ ಕಂಪನಿಯವನೊಬ್ಬ ಬಂದ. "ಮೂರು ದಿನ ಪುಕ್ಕಟ ಹಚ್ಚಿ ನೋಡ್ರಿ ಮೇಡಂ. ಮನಸ್ಸಿಗೆ ಬಂದ್ರ ಇಟ್ಕೊರ್ರಿ, ಇಲ್ಲಂದ್ರ ರವಿವಾರ ಸಂಜಿಗೆ ಒಯ್ತೀನಿ" ಎಂದು ವಾಯರ್ ಎಳೆದು, ಹೊಸ ವೈಫೈ ಡಬ್ಬಿ ಇಟ್ಟು ಹೋದ. ರೇಣುಕಾ ಹಳೆ ಡಬ್ಬಿ, ಹೊಸ ಡಬ್ಬಿ ಎರಡನ್ನೂ ಒಂದೇ ಹಲಗೆಯ ಮೇಲಿಟ್ಟು, ಹೊಸದಕ್ಕೆ ಕುಂಕುಮ ಹಚ್ಚಿ, ಎರಡು ಫೋನು ಹಿಡಿದು ಕೂತಳು. ಹೊಸದರಲ್ಲಿ ಬೆರಳಿಟ್ಟ ಕೂಡಲೇ ಪುಟ ತೆರೆಯಿತು. ಹಳೆಯದರಲ್ಲಿ ಮೊದಲು ಬಿಳಿ ಪರದೆ, ಆಮೇಲೆ ತಿರುಗುವ ಚಕ್ರ, ಆಮೇಲೆ ಪುಟ. ಓಣಿಯ ಹೆಂಗಸರು ಸುತ್ತ ನಿಂತು ನೋಡಿದರು. ಬೆಳಿಗ್ಗೆಯ ತನಕ ಅವರವರ ಮನೆಯಲ್ಲಿ ನೆಟ್ಟು ಚೆನ್ನಾಗಿಯೇ ಇತ್ತು. ಸಂಜೆಗೆ ಅವರದೂ ನಿಧಾನ ಅನ್ನಿಸತೊಡಗಿತು.

ನನಗೆ ಅವತ್ತೇ ಸಂಶಯ ಬಂತು. ಯಾಕೆಂದರೆ ಹಿಂದಿನ ವರ್ಷ ಉಪ್ಪಿನಕಾಯಿ ಹಾಕುವ ದಿನಗಳಲ್ಲಿ ಬೀಗರು ಬಂದಿದ್ದರು. ಮಕ್ಕಳು ಟಿವಿಯಲ್ಲಿ ಏನೋ ಹುಡುಕಲು ಹೋಗಿ, ಬೀಗರ ಕಣ್ಣೆದುರಿಗೆ ಬರಬಾರದ್ದು ಬಂತು. ಬೀಗರು ಗೋಡೆ ನೋಡಿದರು, ನಾನು ನೆಲ ನೋಡಿದೆ. ಮರುದಿನವೇ ಖಾಜಾಸಾಬನನ್ನು ಹಿಡಿದು, ನಮ್ಮ ಮನೆಗೆ ಹೊಲಸು ಬರಬಾರದು ಅಂದೆ. ಅವನು ಡಬ್ಬಿಯ ಒಳಗಿನ ಡಿಎನ್‌ಎಸ್ ಅನ್ನುವುದನ್ನು ಬದಲಿ ಮಾಡಿದ. "ತುಸು ತಡ ಆಗ್ತೈತ್ರಿ ಅವ್ವಾರ. ಅಕ್ಕಾರಿಗೊಂದು ಮಾತ ಹೇಳ್ರಿ" ಅಂದ. ಕೋಣೆ ಹಿಡಿಯುವವರು ಗೊಣಗುತ್ತಾರೆ ಅಂತ ರೇಣುಕಾ ಒಪ್ಪಲಿಕ್ಕಿಲ್ಲ ಅನ್ನಿಸಿ, ಯಾರಿಗೂ ಹೇಳಬೇಡ ಅಂತ ಅವನಿಂದ ಮಾತು ತೆಗೆದುಕೊಂಡೆ.

ಈ ಡಿಎನ್‌ಎಸ್ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ. ನೆಟ್ಟಿನಲ್ಲಿ ಪ್ರತಿ ಅಂಗಡಿಗೂ ಒಂದು ಹೆಸರು, ಒಂದು ಅಂಕಿ ಇರುತ್ತವಂತೆ. ನಮಗೆ ಹೆಸರು ಗೊತ್ತು, ಫೋನಿಗೆ ಅಂಕಿ ಬೇಕು. ಹೆಸರು ಕೇಳಿ ಅಂಕಿ ಹೇಳುವವನೇ ಡಿಎನ್‌ಎಸ್. ಹನುಮನಹಳ್ಳಿ ತಿರುವಿನಲ್ಲಿ ಚಹಾದಂಗಡಿಯವನನ್ನು ಮಂದಿ ನಮ್ಮ ಮನೆ ಎಲ್ಲಿ ಅಂತ ಕೇಳುವುದಿಲ್ಲವೇ, ಹಾಗೆ. ಅವನು ಚುರುಕಿದ್ದರೆ ಕೈ ತೋರಿಸುತ್ತಾನೆ, ಗಾಡಿ ಹೊರಡುತ್ತದೆ. ನಾನು ಕೂರಿಸಿದವನು ದೂರದವನು, ಮೇಲಾಗಿ ಕೇಳಿದ ಪ್ರತಿಯೊಂದು ಹೆಸರೂ ಒಳ್ಳೆಯದೋ ಕೆಟ್ಟದ್ದೋ ಅಂತ ಪಟ್ಟಿ ತೆಗೆದು ನೋಡಿ ಆಮೇಲೆ ಬಾಯಿ ಬಿಡುವವನು. ಒಂದು ಪುಟ ತೆರೆಯಲು ಹತ್ತಾರು ಹೆಸರು ಕೇಳಬೇಕಾಗುತ್ತದಂತೆ. ಗಾಡಿ ತಿರುವಿನಲ್ಲೇ ನಿಲ್ಲುತ್ತದೆ. ಹೊರಟ ಮೇಲೆ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ.

ಶನಿವಾರ ಮುಂಜಾನೆ ರೇಣುಕಾ ಖಾಜಾಸಾಬನನ್ನು ಕರೆಸಿದಳು. ನಾನು ಪಡಸಾಲೆಯಲ್ಲಿ ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದೆ.

"ರೊಕ್ಕ ತೊಗೊಳ್ಳೂ ಮುಂದ ಜಲ್ದಿ ಬರ್ತೀರಿ. ನಿಮ್ಮ ನೆಟ್ಟಿಗೆ ಏನಾಗೈತಿ?" ಅಂದಳು.

ಅವನು ತನ್ನ ಫೋನಿನಲ್ಲಿ ವೇಗ ಅಳೆಯುವ ಮುಳ್ಳು ತೋರಿಸಿದ. ಎರಡೂ ಡಬ್ಬಿಗೆ ಮುಳ್ಳು ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಹೋಗಿ ನಿಂತಿತು.

"ಲೈನ್ ಛಲೋ ಐತ್ರಿ ಅಕ್ಕಾರ."

"ಮುಳ್ಳು ನಿಮ್ಮ ಫೋನಿಂದು, ನೀವು ಹೇಳಿದಂಗ ಕುಣಿತೈತಿ. ಬಂದವರು ವೈಫೈ ಸುಮಾರ ಐತಿ ಅಂತ ಬರದು ಹೊಂಟಾರ. ಹೋದ ಸಲ ಎರಡು ಕೋಣಿ ಖಾಲಿ ಉಳಿದ್ವು. ಅದನ್ನ ಯಾವ ಮುಳ್ಳಿನಿಂದ ಅಳೀಲಿ?"

ಕೋಣೆ ಖಾಲಿ ಉಳಿದ ಸಂಗತಿ ನನಗೆ ಗೊತ್ತಿರಲಿಲ್ಲ. ಖಾಜಾಸಾಬ ನನ್ನ ಕಡೆ ಒಮ್ಮೆ ನೋಡಿದ. ನಾನು ಬೇಳೆಯಲ್ಲಿ ಇಲ್ಲದ ಹರಳು ಹುಡುಕಿದೆ. ಅವನು ಕೊಟ್ಟ ಮಾತು ಉಳಿಸಿಕೊಂಡ. ಬೈಸಿಕೊಂಡು ಹೋದ.

ನಮ್ಮ ಮಾವ ಗಂಗಾವತಿ ಗಂಜ್ ಮಾರುಕಟ್ಟೆಯಲ್ಲಿ ನೆಲ್ಲು ಮಾರುತ್ತಿದ್ದ ಕಾಲದಲ್ಲಿ ಒಂದು ಮಾತು ಹೇಳುತ್ತಿದ್ದರು. ಎರಡು ರಾಶಿಯ ನೆಲ್ಲು ಹೋಲಿಸಬೇಕಾದರೆ ಎರಡನ್ನೂ ಒಂದೇ ಬಿಸಿಲಿಗೆ ಹಾಕು, ಆಮೇಲೆ ತೂಗು. ಹಸಿ ನೆಲ್ಲನ್ನೂ ಒಣ ನೆಲ್ಲನ್ನೂ ಒಂದೇ ಕಲ್ಲಿನಲ್ಲಿ ತೂಗಿದರೆ ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ನಿಜವನ್ನೂ ಹೇಳುವುದಿಲ್ಲ. ರೇಣುಕಾ ಹೊಸ ಕಂಪನಿಯನ್ನು ಅದರದೇ ಡಿಎನ್‌ಎಸ್ ಜೊತೆ, ಖಾಜಾಸಾಬನನ್ನು ನನ್ನ ಡಿಎನ್‌ಎಸ್ ಜೊತೆ ತೂಗುತ್ತಿದ್ದಳು. ಇದು ಗೊತ್ತಿದ್ದವಳು ಮನೆಯಲ್ಲಿ ಒಬ್ಬಳೇ, ಅವಳ ಕೈಯಲ್ಲಿ ಮೊರ ಇತ್ತು.

ಓಣಿಯ ತುದಿಯಲ್ಲಿ ಖಾಜಾಸಾಬನನ್ನು ಹಿಡಿದೆ. "ಅದರಿಂದನ ಹೌದಿಲ್ಲೋ?" ಅಂದೆ.

"ಹೌದ್ರಿ ಅವ್ವಾರ. ನೀವು ಹೂಂ ಅನ್ರಿ, ಈಗ ತಗದ ಬಿಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಬಾಯಿಗೆ ಬಂದ ಹೂಂ ಅನ್ನು ನುಂಗಿದೆ. ಪುಣ್ಯ ಕಟ್ಟಿಕೊಳ್ಳಲಿಕ್ಕಲ್ಲ. ಓಣಿಯ ಬಾಯಿ ನನಗೆ ಗೊತ್ತು. ಇವತ್ತು ನೆಟ್ಟು ಒಮ್ಮೆಲೇ ಜೋರಾದರೆ, ಇಷ್ಟು ದಿನ ಬೇಕಂತಲೇ ಬಿಗಿ ಹಿಡಿದಿದ್ದ, ಇನ್ನೊಬ್ಬ ಬಂದ ಕೂಡಲೇ ಬಿಟ್ಟ ಅನ್ನುತ್ತಾರೆ. ಈಗ ನಿಧಾನದವನು ಅನ್ನಿಸಿಕೊಂಡವನು ಆಗ ಕಳ್ಳ ಅನ್ನಿಸಿಕೊಳ್ಳುತ್ತಾನೆ. ನಾನು ಹೇಳಿದರೆ? ಮನೆ ನಡೆಸುವ ಸೊಸೆಯ ಬೆನ್ನ ಹಿಂದೆ ಕೈಯಾಡಿಸಿದ ಅತ್ತೆ ಅನ್ನಿಸಿಕೊಳ್ಳಬೇಕು. ಅಂಥ ಅತ್ತೆಯರನ್ನು ನಾನೇ ಕಟ್ಟೆಯ ಮೇಲೆ ಕೂತು ಬೈದಿದ್ದೇನೆ.

"ಇರಲಿ ಬಿಡು, ಕೈ ಹಚ್ಚಬ್ಯಾಡ" ಅಂದೆ. ಅವನ ಮುಖ ಸಣ್ಣದಾಯಿತು. ನಾನೇ ರೇಣುಕಾಗೆ ಹೇಳುತ್ತೇನೆ ಅನ್ನಲು ನನಗಿನ್ನೂ ಧೈರ್ಯ ಇರಲಿಲ್ಲ.

ರವಿವಾರ ಸಂಜೆ ಕಂಪನಿಯವನು ಬಂದು ಕಾಗದ ಬಿಚ್ಚಿದ. ಬಾಗಿಲಲ್ಲಿ ಓಣಿಯ ಮೂರು ಮಂದಿ ಹೆಂಗಸರು, ತಮ್ಮ ಸಹಿಯನ್ನೂ ಬೆರಳಲ್ಲಿ ಹಿಡಿದುಕೊಂಡೇ ಬಂದವರಂತೆ ನಿಂತಿದ್ದರು. ಖಾಜಾಸಾಬ ತನ್ನ ಡಬ್ಬಿ ಒಯ್ಯಲು ಬಂದು ಅಂಗಳದಲ್ಲಿ ನಿಂತಿದ್ದ. ರೇಣುಕಾ ಪೆನ್ನು ಕೈಗೆ ತೆಗೆದುಕೊಂಡಳು.

"ತಡಿ" ಅಂದೆ. "ಆ ಡಬ್ಬಿ ನಿಧಾನ ಮಾಡಿಸಿದಾಕಿ ನಾನು."

ಬೀಗರು, ಟಿವಿ, ಹೊಲಸು, ತೆಗೆದುಕೊಂಡ ಮಾತು, ಎಲ್ಲ ಹೇಳಿದೆ. ರೇಣುಕಾ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಯಾವಾಗಿಂದ?"

"ಹೋದ ವರ್ಷದ ಉಪ್ಪಿನಕಾಯಿಂದ."

"ವರ್ಷ ಪೂರಾ ಬಂದವರ ಕೈಲೆ ಬೈಸಿಕೊಂಡೀನಿ ಅತ್ತಿ. ನೀವು ಬಾಜೂಕ ಕುಂತು ಕೇಳೀರಿ."

 

ಅವಳು ಖಾಜಾಸಾಬನನ್ನು ಒಳಗೆ ಕರೆದಳು. ನನ್ನ ಕಾವಲಿನವನನ್ನು ತೆಗೆಸಿ, ಎರಡೂ ಡಬ್ಬಿಗೆ ಒಂದೇ ಡಿಎನ್‌ಎಸ್ ಹಾಕಿಸಿ, ಎರಡೂ ಫೋನಿನಲ್ಲಿ ಒಂದೇ ಹೊತ್ತಿಗೆ ಒಂದೇ ಪುಟ ತೆರೆದಳು. ಮತ್ತೊಂದು, ಮಗದೊಂದು. ಸುಳ್ಳು ಯಾಕೆ, ಹೊಸದು ಕಣ್ಣೆವೆಯಷ್ಟು ಮುಂದಿತ್ತು. ಖಾಜಾಸಾಬ ಅದನ್ನು ನೋಡಿ ತಲೆ ತಗ್ಗಿಸಿದ.

ರೇಣುಕಾ ಕಂಪನಿಯವನನ್ನು ಕೇಳಿದಳು, "ಮಂಗ್ಯಾ ವಾಯರ್ ಹರದ್ರ ಯಾವಾಗ ಬರ್ತೀರಿ?"

"ಕಂಪ್ಲೇಂಟ್ ಕೊಟ್ರ ಮರುದಿನ ಬರ್ತಾರ್ರಿ ಮೇಡಂ."

"ಅಂಜನಾದ್ರಿ ಬಾಜೂಕ ಅದೀವ್ರಿ ನಾವು. ಇಲ್ಲಿ ಮಂಗ್ಯಾ ದಿನಾ ಹರೀತಾವ. ಇವರು ಚಾ ಕುದಿಯೂದ್ರಾಗ ನಿಚ್ಚಣಕಿ ಹೊತ್ಗೊಂಡು ಬರ್ತಾರ. ಒಯ್ರಿ ನಿಮ್ಮ ಡಬ್ಬಿ."

ಬಾಗಿಲಲ್ಲಿದ್ದವರು, ನಮ್ಮನೆ ನೆಟ್ಟಿಗೇನಾಗೈತವ್ವಾ, ಭಾಳ ಛಲೋ ಐತಿ ಅನ್ನುತ್ತ ಹೋದರು. ಖಾಜಾಸಾಬ ಚಹಾ ಕುಡಿದು ಬಟ್ಟಲು ಕೆಳಗಿಟ್ಟ. "ಅವ್ವಾರ, ಇನ್ನ ಗುಟ್ಟಿನ ಕೆಲಸ ಏನರೆ ಇದ್ರ ಬ್ಯಾರೆದವರಿಗೆ ಹೇಳ್ರಿ" ಅಂದು ಹೋದ.

ರೇಣುಕಾ ನಾಲ್ಕು ದಿನ ನನ್ನ ಜೊತೆ ರೊಟ್ಟಿ ಬೇಕೋ ಬೇಡವೋ ಅನ್ನುವಷ್ಟೇ ಮಾತಾಡಿದಳು. ಐದನೇ ದಿನ ಖಾಜಾಸಾಬನನ್ನು ಕರೆಸಿ, ಟಿವಿ ಒಂದಕ್ಕೇ ಆ ಕಾವಲಿನ ಡಿಎನ್‌ಎಸ್ ಹಾಕಿಸಿದಳು. ಹಾಗೆ ಒಂದಕ್ಕೇ ಹಾಕಲು ಬರುತ್ತದಂತೆ. "ಮೊದಲ ನನ್ನ ಕೇಳಿದ್ರ ಅವತ್ತ ಹಾಕಸ್ತಿದ್ದೆ" ಅಂದಳು, ಮುಖ ನೋಡದೆ.

ಆದ್ದರಿಂದ ಯಾವ ಕಂಪನಿಯ ನೆಟ್ಟು ಛಲೋ ಅಂತ ತೂಗಲು ಕೂತವರಿಗೆ ನನ್ನದೊಂದು ಮಾತು. ವಾಯರ್ ನೋಡಿರಿ, ಮುಳ್ಳು ನೋಡಿರಿ, ಡಿಎನ್‌ಎಸ್ ಎರಡಕ್ಕೂ ಒಂದೇ ಇದೆಯೋ ನೋಡಿರಿ. ಅದಕ್ಕೂ ಮೊದಲು, ಮನೆಯಲ್ಲಿ ಯಾರಾದರೂ ಹಿರಿಯರು ಸುಮ್ಮನೆ ಬೇಳೆ ಹಸನು ಮಾಡುತ್ತ ಕೂತಿದ್ದರೆ, ಅವರನ್ನೊಂದು ಮಾತು ಕೇಳಿರಿ.